ಯಂತ್ರದ ಬಾಯಿಗಿಟ್ಟ ಕುಂಕುಮ

ಮಲ್ಲತ್ತಹಳ್ಳಿ ಕೆರೆಯ ಹಿಂದಿನ ಮೂರನೇ ಅಡ್ಡರಸ್ತೆಯಲ್ಲಿ ತನ್ನಷ್ಟು ಅಚ್ಚುಕಟ್ಟಾಗಿ ಆಯುಧಪೂಜೆ ಮಾಡುವವರು ಇನ್ನೊಬ್ಬರಿಲ್ಲ ಎಂದು ಗಂಗಲಕ್ಷ್ಮಮ್ಮ ನಂಬಿದ್ದಳು. ಬೇರೆಯವರು ಹೇಳಲಿ ಎಂದು ಕಾಯದೆ ವರ್ಷಕ್ಕೊಮ್ಮೆ ತಾನೇ ಹೇಳಿಕೊಳ್ಳುತ್ತಲೂ ಇದ್ದಳು. ಪೂಜೆಯ ಕ್ರಮ ಆಕೆಗೆ ಬಂದದ್ದು ತೀರಿಹೋದ ಗಂಡ ಬೈರಯ್ಯನಿಂದ. ಬೈರಯ್ಯ ಬಿನ್ನಿಪೇಟೆಯ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುವ ಫಿಟ್ಟರ್ ಆಗಿದ್ದವನು. "ಮಗ್ಗದ ಮೈಗೆಲ್ಲ ಕುಂಕುಮ ಬಳಿದ್ರೆ ಏನು ಬಂತೇ? ನೂಲು ಒಳಗೆ ಹೋಗೋ ಜಾಗ ಇದೆಯಲ್ಲ, ಅದು ಯಂತ್ರದ ಬಾಯಿ. ಬೊಟ್ಟು ಅಲ್ಲಿಗಿಡ್ಬೇಕು. ಅದು ಉಣ್ಣೋದೇ ಅಲ್ಲಿಂದ" ಎನ್ನುತ್ತಿದ್ದ. ಹಾಗಾಗಿ ಆ ಮನೆಯಲ್ಲಿ ಮಿಕ್ಸಿಗೆ ಜಾರಿನ ಬಾಯಲ್ಲಿ, ಹೊಲಿಗೆ ಯಂತ್ರಕ್ಕೆ ಸೂಜಿಯ ಪಕ್ಕದಲ್ಲಿ, ಸ್ಕೂಟರಿಗೆ ಪೆಟ್ರೋಲ್ ಮುಚ್ಚಳದ ಮೇಲೆ ಬೊಟ್ಟು ಬೀಳುತ್ತಿತ್ತು.

ಕಂಪ್ಯೂಟರಿನ ವಿಷಯಕ್ಕೆ ಮಾತ್ರ ಸೊಸೆ ಚೇತನಾ ಮೊದಲೇ ಗೆರೆ ಎಳೆದಿದ್ದಳು.

"ಅತ್ತೆ, ಇದಕ್ಕೆ ಒದ್ದೆಯದು ಏನೂ ಮುಟ್ಟಿಸ್ಬೇಡಿ. ಹೋದ ವರ್ಷ ಕೀಬೋರ್ಡ್ ಅಂಟಿಕೊಂಡು ನಾನು ಪಟ್ಟ ಪಾಡು ನೆನಪಿದೆಯಲ್ಲ? ಮೇಲೆ ಒಂದು ಹೂವು ಇಡಿ, ಸಾಕು."

"ಆಯ್ತಮ್ಮ, ನನಗೇನು ಅಷ್ಟೂ ತಿಳಿಯಲ್ವಾ?" ಎಂದಿದ್ದಳು ಗಂಗಲಕ್ಷ್ಮಮ್ಮ.

ಹದಿನೈದು ವರ್ಷದ ಕಂಪ್ಯೂಟರು ಅದು. ಬೂದು ಬಣ್ಣದ ದೊಡ್ಡ ಪೆಟ್ಟಿಗೆ, ಹೊತ್ತಿಸಿದರೆ ಗಿರಣಿಯಂತೆಯೇ ಗುಂಯ್ ಎನ್ನುತ್ತಿತ್ತು. ಚೇತನಾ ಅದರಲ್ಲಿ ವಿಜಯನಗರದ ಒಂದು ಪ್ರೆಸ್ಸಿಗೆ ಮದುವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆಯ ಕಾರ್ಡುಗಳನ್ನು ಟೈಪು ಮಾಡಿ ಕಳಿಸುತ್ತಿದ್ದಳು. ಆಕೆಯ ಕೈಗೆ ಪಳಗಿದ ಹಳೆಯ ಕನ್ನಡ ಸಾಫ್ಟ್‌ವೇರು ಹೊಸ ಯಂತ್ರಗಳಲ್ಲಿ ಏಳುತ್ತಿರಲಿಲ್ಲ. ಅದಕ್ಕೇ ಈ ಮುದಿ ಪೆಟ್ಟಿಗೆಗೆ ಮನೆಯಲ್ಲಿ ಅಷ್ಟು ಮರ್ಯಾದೆ. ಅದಕ್ಕೆ ಗಾಳಿಯಲ್ಲಿ ನೆಟ್ ಹಿಡಿಯಲು ಬಾರದು. ಮಹಡಿಯ ಮೆಟ್ಟಿಲ ಬಳಿ ಗೋಡೆಗೆ ಬಡಿದಿದ್ದ ವೈಫೈ ಡಬ್ಬಿಯಿಂದ, ಮೇಲಿನ ಬಾಡಿಗೆಯವರ ಬಾಗಿಲ ಮುಂದೆ ಹಾದು, ಕಿಟಕಿಯಲ್ಲಿ ಇಳಿದು ಬರುವ ನೀಲಿ ವೈರೇ ಅದರ ಜೀವ.

ಹಬ್ಬದ ದಿನ ಚೇತನಾ ಅಡುಗೆಮನೆಯಲ್ಲಿದ್ದಾಗ ಗಂಗಲಕ್ಷ್ಮಮ್ಮ ಪೆಟ್ಟಿಗೆಯ ಮೇಲೆ ಚೆಂಡು ಹೂವಿಟ್ಟಳು. ಕೈ ಸುಮ್ಮನಿರಲಿಲ್ಲ. ಅನ್ನ ಕೊಡುವ ಯಂತ್ರಕ್ಕೆ ಬರೀ ಹೂವೇ? ಹಿಂದಕ್ಕೆ ಬಗ್ಗಿ ನೋಡಿದಳು. ನೀಲಿ ವೈರು ಒಳಗೆ ಹೋಗುವ ಚೌಕದ ತೂತು ಕಂಡಿತು. ಇದೇ ಇದರ ಬಾಯಿ ಎಂದು ತಿಳಿಯಲು ಯಾರ ಸಹಾಯವೂ ಬೇಕಾಗಲಿಲ್ಲ. ವೈರನ್ನು ಕಿತ್ತು, ಗಂಧದ ನೀರಲ್ಲಿ ಕಲಸಿದ ಕುಂಕುಮವನ್ನು ಕಿರುಬೆರಳಿಂದ ಆ ತೂತಿನೊಳಗೆ ಒತ್ತಿ, ಕೈ ಮುಗಿದು, ವೈರನ್ನು ಮತ್ತೆ ತುರುಕಿದಳು.

ತಿರುಗಿದರೆ ಬಾಗಿಲಲ್ಲಿ ಗುರುದೇವಿ ನಿಂತಿದ್ದಳು. ಮಹಡಿ ಮನೆಯ ಹುಡುಗಿ, ಕೊಪ್ಪಳದ ಕಡೆಯವಳು. ಗಂಡ ವೀರೇಶ ಬೈಕಿನಲ್ಲಿ ಮನೆ ಮನೆಗೆ ಊಟದ ಪಾರ್ಸಲ್ ಮುಟ್ಟಿಸುವವನು.

"ಅಮ್ಮಾ, ಗಾಡಿಗೆ ಕಟ್ಟಾಕ ಒಂದೆರಡು ಬಾಳಿಕಂದು ಬೇಕಾಗಿದ್ದೂರಿ."

"ಹಿತ್ತಲಲ್ಲಿದೆ, ಕಿತ್ಕೊಳಮ್ಮ."

ಮರುದಿನ ವಿಜಯದಶಮಿಗೆ ಗುರುದೇವಿ ಬನ್ನಿ ಎಲೆ ಕೊಟ್ಟು, "ಬಂಗಾರದಂಗ ಇರೂಣ್ರಿ" ಎಂದು ಕಾಲಿಗೆ ಬಿದ್ದಳು. ಜೊತೆಗೆ ಒಂದು ಸ್ಟೀಲ್ ಡಬ್ಬಿ ತುಂಬ ಶೇಂಗಾ ಹೋಳಿಗೆ. ಮುಚ್ಚಳದ ಮೇಲೆ ಅವಳ ತಾಯಿ ಗುರವ್ವನ ಹೆಸರು ಕೊರೆದಿತ್ತು. ಖಾಲಿ ಡಬ್ಬಿ ವಾಪಸು ಕೊಡಬಾರದು, ಏನಾದರೂ ಮಾಡಿ ತುಂಬಿ ಕೊಡೋಣ ಎಂದು ಗಂಗಲಕ್ಷ್ಮಮ್ಮ ಅದನ್ನು ತೊಳೆದು ಶೆಲ್ಫಿನಲ್ಲಿಟ್ಟಳು.

ಮೂರನೇ ದಿನಕ್ಕೆ ನೆಟ್ ಹೋಯಿತು.

ಪರದೆಯ ಮೂಲೆಯಲ್ಲಿ ಕೆಂಪು ಗುಣಿಸುವ ಗುರುತು. ಎರಡನೇ ಪಿಯುಸಿ ಓದುತ್ತಿದ್ದ ಮೊಮ್ಮಗಳು ಸಂಘಮಿತ್ರಾ ಕಾಲೇಜಿಂದ ಬಂದವಳೇ ಕೈ ಹಾಕಿದಳು. ಕಂಪ್ಯೂಟರ್ ಆರಿಸಿ ಹೊತ್ತಿಸಿದಳು. ಮೇಲೆ ಓಡಿ ಗೋಡೆಯ ಡಬ್ಬಿಯನ್ನೂ ಆರಿಸಿ ಹೊತ್ತಿಸಿದಳು. ಅದೇನೋ ಡ್ರೈವರ್ ಅಂತೆ, ಅದನ್ನು ತೆಗೆದು ಮತ್ತೆ ಹಾಕಿದಳು. ತನ್ನ ಫೋನನ್ನು ಸಿಕ್ಕಿಸಿ ಅದರಿಂದ ನೆಟ್ ಕೊಡಲು ನೋಡಿದಳು. ಮುದಿ ಪೆಟ್ಟಿಗೆ ಫೋನಿನ ಗುರುತೇ ಹಿಡಿಯಲಿಲ್ಲ.

"ಫೋನಲ್ಲೆಲ್ಲ ಚೆನ್ನಾಗೇ ಬರ್ತಿದೆ ಅಮ್ಮ. ಇದಕ್ಕೆ ಮಾತ್ರ ಇಲ್ಲ. ಅಂದ್ರೆ ವೈರಲ್ಲೇ ಏನೋ ಆಗಿದೆ."

ತಟ್ಟೆಗೆ ಮುದ್ದೆ ಹಾಕುತ್ತಿದ್ದ ಗಂಗಲಕ್ಷ್ಮಮ್ಮನ ಕೈ ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆಕೆ ತನ್ನ ಕಿರುಬೆರಳನ್ನು ನೋಡಿಕೊಂಡಳು. ಆಗಲೇ ಬಾಯಿ ಬಿಟ್ಟಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಬೇಡ ಎಂದ ಕೆಲಸವನ್ನೇ ಮಾಡಿದೆ ಎಂದು ಸೊಸೆಯ ಮುಂದೆ ಒಪ್ಪಿಕೊಳ್ಳುವುದು ಹೇಗೆ? "ಇನ್ನೊಂಚೂರು ಸಾರು ಹಾಕ್ಲಾ?" ಎಂದಳು.

ಮರುದಿನ ಊಟವಾಗಿ ಚೇತನಾ ಒಂದು ಗಳಿಗೆ ಅಡ್ಡಾದಾಗ ಗಂಗಲಕ್ಷ್ಮಮ್ಮ ಹಿಂದೆ ಹೋಗಿ ವೈರು ಕಿತ್ತಳು. ತುದಿಯ ಸಣ್ಣ ತಾಮ್ರದ ಹಲ್ಲುಗಳಿಗೆ ಕೆಂಪು ಮೆತ್ತಿ ಹಸಿರು ಕಿಲುಬು ಹಿಡಿದಿತ್ತು. ಸೆರಗಿನ ತುದಿ ಹುರಿಮಾಡಿ ತೂತಿಗೆ ಹಾಕಿ ತಿರುವಿದಳು, ಹಲ್ಲುಗಳನ್ನು ಉಜ್ಜಿದಳು, ಮತ್ತೆ ಸಿಕ್ಕಿಸಿದಳು. ಪುಟ್ಟ ಹಸಿರು ದೀಪ ಹತ್ತಿತು. ಆಕೆಗೆ ಹೋದ ಜೀವ ಬಂತು.

"ಅತ್ತೆ, ನೆಟ್ ಬಂತು!" ಎಂದು ಎದ್ದು ಬಂದ ಚೇತನಾ ಕೂಗಿದಳು.

"ಬರ್ಲಿ ಬಿಡಮ್ಮ, ದೇವರು ದೊಡ್ಡೋನು" ಎಂದಳು ಗಂಗಲಕ್ಷ್ಮಮ್ಮ, ದೇವರನ್ನೂ ತನ್ನ ಸುಳ್ಳಿಗೆ ಎಳೆದುಕೊಂಡು.

ಸಂಜೆಗೆ ದೀಪ ಮತ್ತೆ ಆರಿತು. ಮರುದಿನ ಮಧ್ಯಾಹ್ನ ಮತ್ತೆ ಸೆರಗು, ಮತ್ತೆ ದೀಪ, ಸಂಜೆಗೆ ಮತ್ತೆ ಕತ್ತಲೆ. ಹತ್ತು ದಿನ ಇದೇ ನಡೆಯಿತು. ತನ್ನ ತಪ್ಪನ್ನು ತಾನೇ ಒರೆಸಿ ಮುಗಿಸುತ್ತೇನೆ ಎಂದುಕೊಂಡಿದ್ದಳು ಆಕೆ. ಒರೆಸಿದಷ್ಟೂ ಅದು ಇನ್ನೊಬ್ಬರ ಮೈಗೆ ಹತ್ತಿಕೊಳ್ಳುತ್ತದೆ ಎಂದು ಆಕೆಗೆ ಹೊಳೆಯಲಿಲ್ಲ.

ಲೆಕ್ಕ ಹಾಕಿದವನು ಮಗ ಮಹದೇವ್. ರಾಜಾಜಿನಗರದ ಗೋದಾಮೊಂದರಲ್ಲಿ ಮೇಲ್ವಿಚಾರಕ. ಸರಕು ಕಡಿಮೆಯಾದರೆ ಮೊದಲು ಮನುಷ್ಯರನ್ನು ಅನುಮಾನಿಸುವುದು ಅವನ ಕಸುಬಿನಲ್ಲೇ ಇತ್ತು.

"ಮಧ್ಯಾಹ್ನ ಬರುತ್ತೆ, ಸಂಜೆ ಆರಕ್ಕೆ ಹೋಗುತ್ತೆ. ಅಲ್ವಾ ಚೇತು?"

"ಹೂಂ ರೀ, ದಿನಾ ಹಂಗೇ."

"ಆರಕ್ಕೆ ಯಾರು ಮನೆಗೆ ಬರೋದು? ಆ ವೀರೇಶ. ವೈರು ಎಲ್ಲಿ ಹಾದು ಬರುತ್ತೆ? ಅವನ ಬಾಗಿಲ ಮುಂದೆ. ಆ ಹುಡುಗಿ ಒದ್ದೆ ಬಟ್ಟೆ ಒಣಹಾಕೋದೂ ಅಲ್ಲೇ. ಇನ್ನೇನು ಬೇಕು?"

"ಅಪ್ಪ, ಅವ್ರಿಗೆ ವೈರ್ ಯಾಕೆ? ವೈಫೈ ಪಾಸ್‌ವರ್ಡ್ ನಾವೇ ಕೊಟ್ಟಿದ್ದೀವಲ್ಲ" ಎಂದಳು ಸಂಘಮಿತ್ರಾ.

"ನೀನು ಸುಮ್ನಿರು. ಬಾಡಿಗೆಯವರ ಬುದ್ಧಿ ನಿನಗೇನು ಗೊತ್ತು?"

ಗಂಗಲಕ್ಷ್ಮಮ್ಮ ಹುಳಿಗೆ ಹುಣಸೆಹಣ್ಣು ಹಿಂಡುತ್ತಿದ್ದಳು. ಹಿಂಡಿದ್ದನ್ನೇ ಹಿಂಡಿದಳು.

ಅಷ್ಟರಲ್ಲಿ ಕಾರ್ಡಿನ ಅನಾಹುತವೂ ಆಯಿತು. ಕೆಂಗೇರಿಯ ಒಂದು ಮದುವೆಗೆ ಮುಹೂರ್ತದ ಹೊತ್ತು ಬದಲಾಗಿದೆ ಎಂದು ಪ್ರೆಸ್ಸಿನ ಕಶ್ಯಪ್ ಸಂಜೆ ಮೇಲ್ ಕಳಿಸಿದ್ದ. ಆ ಪೆಟ್ಟಿಗೆಯಲ್ಲೇ ಮೇಲ್ ನೋಡುವ ಚೇತನಾಗೆ ಅದು ಸಿಕ್ಕಿದ್ದು ಮರುದಿನ ಮಧ್ಯಾಹ್ನ. ಹಿಂದಿನ ದಿನ ಅವಳು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋಗಿ ಕೊಟ್ಟುಬಂದಿದ್ದ ಹಳೆಯ ಹೊತ್ತಿನ ಕಾರ್ಡನ್ನೇ ತಿದ್ದಿದ್ದೆಂದುಕೊಂಡು ಪ್ರೆಸ್ಸಿನವರು ಬೆಳಿಗ್ಗೆ ಅಚ್ಚು ಹಾಕಿಬಿಟ್ಟಿದ್ದರು. ನಾನೂರು ಕಾರ್ಡು ರದ್ದಿಗೆ ಹೋದವು. ಕಶ್ಯಪ್ ಫೋನಿನಲ್ಲಿ ಕೂಗಾಡಲಿಲ್ಲ. "ಮೇಡಂ, ಸ್ವಲ್ಪ ದಿನ ಬೇರೆ ಕಡೆ ಮಾಡಿಸ್ಕೋತೀನಿ. ನಿಮ್ಮ ಸಿಸ್ಟಂ ಸರಿಹೋದ ಮೇಲೆ ನೋಡೋಣ" ಎಂದ. ಚೇತನಾ ಊಟ ಮಾಡದೆ ಮಲಗಿದಳು. ಹನ್ನೆರಡು ವರ್ಷದಿಂದ ತನ್ನ ಕೈಯಿಂದ ಒಂದು ಕಾರ್ಡೂ ತಪ್ಪು ಹೋಗಿರಲಿಲ್ಲ ಎಂದು ಗೋಡೆಗೆ ಹೇಳಿದಳು.

ಸಂಜೆ ಕೆಲಸದಿಂದ ಬಂದ ಮಹದೇವ್ ಅಂಗಿಯನ್ನೂ ಬದಲಿಸದೆ ಮೆಟ್ಟಿಲು ಹತ್ತಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುವುದು ಇದಕ್ಕೇ.

"ರೀ ವೀರೇಶ್! ಆಚೆ ಬನ್ರಿ. ವೈರಿಗೆ ಏನು ಮಾಡ್ತಾ ಇದ್ದೀರಾ ನೀವು?"

"ನಾವೇನ್ ಮಾಡೂಣ್ರಿ ಸರ್? ನಾ ಈಗರ ಬಂದೀನಿ."

"ಅದೇ ನಾನು ಹೇಳ್ತಿರೋದು! ನೀವು ಬಂದ ತಕ್ಷಣ ನೆಟ್ ಹೋಗುತ್ತೆ. ವೈರ್ ಕಿತ್ತು ಒಳಗೆ ಎಳ್ಕೊಂಡಿದ್ದೀರಾ? ಕದ್ದು ಉಪಯೋಗಿಸ್ಬೇಕಾ? ಕೇಳಿದ್ರೆ ಕೊಡ್ತಿರಲಿಲ್ವಾ?"

"ಕದ್ದು ಅನಬ್ಯಾಡ್ರಿ ಸರ್." ವೀರೇಶನ ದನಿ ತಗ್ಗಿತು. "ಬಾಗಲ ತೆರದೈತಿ. ಒಳಗ ಬಂದು ನೋಡ್ರಿ."

"ನೋಡೋದೇನಿದೆ? ತಿಂಗಳ ಕೊನೆಗೆ ಮನೆ ಖಾಲಿ ಮಾಡಿ."

ಎದುರು ಮನೆಯ ಜಗದಾಂಬಾ ರಂಗೋಲಿ ಡಬ್ಬಿ ಹಿಡಿದು ಗೇಟಿನಾಚೆ ನಿಂತು ಕೇಳುತ್ತಿದ್ದಳು. ಸಂಜೆ ಆರು ಗಂಟೆಗೆ ಯಾರ ಮನೆಯ ರಂಗೋಲಿಯೋ ದೇವರಿಗೇ ಗೊತ್ತು. ಗಂಗಲಕ್ಷ್ಮಮ್ಮ ಕೆಳಗೆ ಮೆಟ್ಟಿಲ ಬುಡದಲ್ಲಿ ಅಕ್ಕಿ ಮೊರ ಹಿಡಿದು ನಿಂತಿದ್ದಳು. ಗುರುದೇವಿ ಕಟಕಟೆಯ ಮೇಲಿಂದ ಬಗ್ಗಿ ಆಕೆಯ ಮುಖವನ್ನೇ ನೋಡಿದಳು.

"ಅಮ್ಮಾ, ನೀವರ ಹೇಳ್ರಿ."

ಹೇಳಬಹುದಿತ್ತು. ಒಂದು ಮಾತು ಸಾಕಿತ್ತು. ಎಲ್ಲರೂ ತನ್ನ ಕಡೆಗೇ ನೋಡುತ್ತಿದ್ದಾರೆ ಎನ್ನಿಸಿತು ಗಂಗಲಕ್ಷ್ಮಮ್ಮನಿಗೆ. "ಒಲೆ ಮೇಲೆ ಹಾಲಿಟ್ಟಿದ್ದೀನಿ, ಉಕ್ಕುತ್ತೆ" ಎಂದು ಒಳಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಅಡುಗೆಮನೆಯ ಕತ್ತಲಲ್ಲಿ ಮೊರ ಹಿಡಿದು ಸುಮ್ಮನೆ ನಿಂತಳು. ಎದುರಿಗೆ ಶೆಲ್ಫಿನಲ್ಲಿ ಗುರವ್ವನ ಹೆಸರಿನ ಡಬ್ಬಿ ಇತ್ತು.

ಆಮೇಲೆ ಆಕೆ ವೈರು ಒರೆಸುವುದನ್ನೂ ಬಿಟ್ಟಳು. ಮಹಡಿಯ ಮೇಲೆ ಹೆಜ್ಜೆ ಸದ್ದಾದರೆ ಒಳಗೆ ಸರಿಯುತ್ತಿದ್ದಳು. ಬಟ್ಟೆ ಒಣಹಾಕಲು ತಾರಸಿಗೆ ಹೋಗಲು ಗುರುದೇವಿಯ ಬಾಗಿಲನ್ನೇ ದಾಟಬೇಕು. ಮೊಣಕಾಲು ನೋವು ಎಂದು ಹೇಳಿ ಆ ಕೆಲಸವನ್ನು ಮೊಮ್ಮಗಳಿಗೆ ಕೊಟ್ಟಳು. ಗುರುದೇವಿ ನೀಲಿ ವೈರಿನ ಹತ್ತಿರ ಹಾಕಿದ್ದ ಹಗ್ಗ ಬಿಚ್ಚಿ, ಒದ್ದೆ ಬಟ್ಟೆಯನ್ನು ಮನೆಯೊಳಗೇ ಹರವಿಕೊಳ್ಳುತ್ತಿದ್ದಳು. ಸಂಘಮಿತ್ರಾ ಅದನ್ನು ಊಟದ ಹೊತ್ತಿಗೆ ಹೇಳಿದಳು. "ಪಾಪ ಅಪ್ಪ, ಹಗ್ಗ ತೆಗೆದ ಮೇಲೂ ನೆಟ್ ಬಂದಿಲ್ವಲ್ಲ?"

"ಕೆಡಿಸಿದ ಮೇಲೆ ಹಗ್ಗ ತೆಗೆದ್ರೆ ಸರಿಹೋಗುತ್ತಾ? ಅನ್ನ ತಿನ್ನು."

ಗಂಗಲಕ್ಷ್ಮಮ್ಮ ತಟ್ಟೆಯ ಅನ್ನವನ್ನು ಪಕ್ಕಕ್ಕೆ ಸರಿಸಿದಳು. ಮಜ್ಜಿಗೆ ಕುಡಿದು ಎದ್ದಳು. ದೀಪಾವಳಿಗೆ ಮಹಡಿಯವರು ಒಂದು ಹಣತೆ ಹಚ್ಚಿಟ್ಟರು. ಕೆಳಗೆ ಬರಲಿಲ್ಲ, ಇವರೂ ಕರೆಯಲಿಲ್ಲ. ಉಲ್ಲಾಳದಲ್ಲಿ ಒಂದು ಮನೆ ಗೊತ್ತು ಮಾಡಿದ್ದಾರೆ, ಭಾನುವಾರ ಹೋಗುತ್ತಾರೆ ಎಂದು ಸಂಘಮಿತ್ರಾಳ ಬಾಯಿಂದಲೇ ತಿಳಿಯಿತು.

ಶನಿವಾರ ಬೆಳಿಗ್ಗೆ ಚೇತನಾ ಹಟ ಹಿಡಿದು ನಾಗರಭಾವಿಯಿಂದ ಕಂಪ್ಯೂಟರ್ ರಿಪೇರಿಯ ಕೊಟ್ರೇಶನನ್ನು ಕರೆಸಿದಳು. ಅವನು ಮೇಲಿಂದ ಕೆಳಗಿನವರೆಗೆ ವೈರಿನ ಮೇಲೆ ಕೈಯಾಡಿಸಿ, ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದ.

"ಅಕ್ಕಾ, ನಿಮ್ಮ ವೈರ್ ಫಸ್ಟ್ ಕ್ಲಾಸಾಗಿದೆ. ತುದಿ ಸ್ವಲ್ಪ ಕಿಲುಬಾಗಿದೆ, ಬೇರೆ ಹಾಕ್ತೀನಿ. ಮೇಲೆ ಯಾರೂ ಮುಟ್ಟಿಲ್ಲ."

ಮಹದೇವ್ ಕಾಫಿ ಲೋಟ ಕೆಳಗಿಟ್ಟ. ಕೊಟ್ರೇಶ ಪೆಟ್ಟಿಗೆಯನ್ನು ಮುಂದಕ್ಕೆಳೆದು, ಹಿಂದಿನ ತೂತಿಗೆ ಫೋನಿನ ಬೆಳಕು ಬಿಟ್ಟು ಶಿಳ್ಳೆ ಹಾಕಿದ.

"ರೋಗ ಇಲ್ಲಿದೆ ನೋಡಿ. ಒಳಗೆಲ್ಲ ಕುಂಕುಮ. ಮೇಲೆ ಬಿದ್ದಿರೋದಲ್ಲ ಇದು, ಬೆರಳಲ್ಲಿ ಒತ್ತಿರೋದು. ಆಮೇಲೆ ಬಟ್ಟೆ ಹಾಕಿ ದಿನಾ ಉಜ್ಜಿದ್ದಾರೆ. ಉಜ್ಜಿದಾಗ ಮೂರ್ನಾಲ್ಕು ಗಂಟೆ ನೆಟ್ ಬರುತ್ತೆ, ಹೋಗುತ್ತೆ. ಒಳಗಿನ ಹಲ್ಲೆಲ್ಲ ಬಗ್ಗಿಹೋಗಿದೆ." ಚಿಮಟದಿಂದ ಏನನ್ನೋ ಎಳೆದು ಅಂಗೈ ಮೇಲಿಟ್ಟ. ಹಸಿರು ನೂಲಿನ ಎಳೆ.

ಚೇತನಾ ಆ ಎಳೆಯನ್ನು ನೋಡಿದಳು. ಆಮೇಲೆ ಅತ್ತೆಯ ಮಾಸಿದ ಹಸಿರು ಸೀರೆಯ ಸೆರಗನ್ನು ನೋಡಿದಳು. ಮಹದೇವ್ ಮಾತ್ರ ಮಗಳ ಮೇಲೆ ಎಗರಿದ. "ದಿನಾ ಇದರಲ್ಲಿ ಕೈಯಾಡಿಸ್ತಿದ್ದೋಳು ನೀನೇ ಅಲ್ವೇನೇ?"

"ಅವಳಲ್ಲ ಕಣೋ" ಎಂದಳು ಗಂಗಲಕ್ಷ್ಮಮ್ಮ. "ನಾನು. ಹಬ್ಬದ ದಿನ ಕುಂಕುಮ ಇಟ್ಟೋಳೂ ನಾನೇ, ಒರೆಸ್ತಿದ್ದೋಳೂ ನಾನೇ. ನಿಮ್ಮಪ್ಪ ಮಗ್ಗಕ್ಕೆ ಇಡ್ತಿದ್ದ ಹಾಗೆ ಇಟ್ಟೆ."

"ಗೊತ್ತಿದ್ದೂ ಸುಮ್ನಿದ್ರಾ ಅತ್ತೆ?" ಚೇತನಾ ಕೇಳಿದ್ದು ಅಷ್ಟೇ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕೊಟ್ರೇಶ ತಲೆ ತಗ್ಗಿಸಿ ಸ್ಕ್ರೂ ಬಿಚ್ಚತೊಡಗಿದ. ಹೊಸ ನೆಟ್‌ವರ್ಕ್ ಕಾರ್ಡು ಹಾಕಿ, ವೈರಿಗೆ ಹೊಸ ತುದಿ ಕೂರಿಸಿ, ಒಂದು ಗಂಟೆಯೊಳಗೆ ಹಸಿರು ದೀಪ ಹತ್ತಿಸಿ ಹೋದ. ಆ ದೀಪ ಮತ್ತೆ ಆರಲಿಲ್ಲ.

ಅವನು ಹೋದ ಮೇಲೆ ಮಹದೇವ್ ಗಂಟಲು ಸರಿಮಾಡಿಕೊಂಡ. "ಆಗಿದ್ದು ಆಯ್ತು. ಹಬ್ಬದ ದಿನ ಭಕ್ತಿಗೆ ಮಾಡಿದ್ದು, ಹೋಗ್ಲಿ ಬಿಡು. ಮೇಲಿನವರಿಗೆ ಹೇಳೋದೇನೂ ಬೇಡ. ಹೆಂಗೂ ನಾಳೆ ಹೋಗ್ತಾರೆ."

"ಅಪ್ಪಾ!"

"ಏನು ಅಪ್ಪಾ? ಬಾಡಿಗೆಯವರ ಮುಂದೆ ಹೋಗಿ ನಿಂತ್ಕೊಳ್ಳೋಕಾಗುತ್ತಾ? ನಿಮ್ಮಜ್ಜಿ ಮರ್ಯಾದೆಯೂ ನೋಡ್ಬೇಕಲ್ವಾ?"

ತನ್ನ ಮರ್ಯಾದೆಯನ್ನು ಇಷ್ಟು ದಿನ ತಾನೇ ನೋಡಿಕೊಂಡ ಪರಿ ಗಂಗಲಕ್ಷ್ಮಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಮಧ್ಯಾಹ್ನ ಒಲೆ ಹಚ್ಚಿ ಕೋಡುಬಳೆ ಕರಿದಳು. ಅವಸರಕ್ಕೆ ಅರ್ಧಕ್ಕರ್ಧ ಕೋಡುಬಳೆ ಬಾಯಿ ಕೂಡದೆ ಬಿಟ್ಟುಕೊಂಡವು. ಅವನ್ನೇ ಗುರವ್ವನ ಡಬ್ಬಿಗೆ ತುಂಬಿ, ಕಟಕಟೆ ಹಿಡಿದು ಮೆಟ್ಟಿಲು ಹತ್ತಿದಳು.

ಬಾಗಿಲು ತೆರೆದಿತ್ತು. ಗುರುದೇವಿ ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಿದ್ದಳು. ಎದ್ದು ಚಾಪೆ ಹಾಸಿದಳು. ಗಂಗಲಕ್ಷ್ಮಮ್ಮ ಕೂರಲಿಲ್ಲ.

"ಗುರುದೇವಿ, ನೆಟ್ ಕೆಡಿಸಿದ್ದು ನಾನಮ್ಮ. ಆಯುಧಪೂಜೆ ದಿನ ಆ ತೂತಿಗೆ ಒದ್ದೆ ಕುಂಕುಮ ಇಟ್ಟೆ."

"ಗೊತ್ತೈತ್ರಿ ಅಮ್ಮಾ."

"ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ಬಾಳಿಕಂದು ಕೇಳಾಕ ಬಂದಾಗ ಕಣ್ಣಾರೆ ನೋಡಿದ್ದೆ. ನೀವು ಕೈ ಮುಗದ್ರಿ, ನಾನೂ ಬಾಗಲದಾಗಿಂದ ಮುಗದೆ."

ಗಂಗಲಕ್ಷ್ಮಮ್ಮ ಡಬ್ಬಿಯನ್ನು ಎದೆಗವಚಿಕೊಂಡಳು. "ಹಂಗಾದ್ರೆ ಅವನು ಅಷ್ಟು ಕೂಗಾಡಿದಾಗ ಯಾಕಮ್ಮ ಹೇಳ್ಲಿಲ್ಲ? ಕಳ್ಳ ಅಂದ್ನಲ್ಲ ನಿನ್ನ ಗಂಡನ್ನ!"

ಗುರುದೇವಿ ಚೀಲದ ಬಾಯಿ ಕಟ್ಟುತ್ತಾ ಹೇಳಿದಳು. "ಮಗನ ಮುಂದ, ಓಣಿ ಮಂದಿ ಮುಂದ, ನಿಮ್ಮ ವಯಸ್ಸಿನಾಕಿಗೆ ಬೊಟ್ಟು ಮಾಡಿ ತೋರಸೂದು ನನಗ ಬರಲಿಲ್ರಿ. ಅದಕ್ಕ ನೀವರ ಹೇಳ್ರಿ ಅಂದೆ. ನೀವು ಹಾಲ ಉಕ್ಕತೈತಿ ಅಂತ ಒಳಗ ಹೋದ್ರಿ. ಆಮ್ಯಾಲೂ ಕಾದೆ. ಇವತ್ತು ಹೇಳ್ತಾರ, ನಾಳೆ ಹೇಳ್ತಾರ ಅಂತ."

ಗಂಗಲಕ್ಷ್ಮಮ್ಮನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಆಕೆ ಅತ್ತಳು. ಎಪ್ಪತ್ತು ವರ್ಷದ ಹೆಂಗಸು ಇಪ್ಪತ್ತೈದರ ಹುಡುಗಿಯ ಮುಂದೆ ನಿಂತು ಮೂಗು ಒರೆಸಿಕೊಂಡು ಅತ್ತಳು. ಇಲ್ಲೇ ಇರಿ, ಮಹದೇವನಿಗೆ ನಾನು ಹೇಳುತ್ತೇನೆ ಎಂದು ಕೇಳಿಕೊಂಡಳು.

"ಬ್ಯಾಡ್ರಿ ಅಮ್ಮಾ. ಕಳ್ಳ ಅನಿಸಿಕೊಂಡ ಮನ್ಯಾಗ ಅವರಿಗೆ ನಿದ್ದಿ ಹತ್ತವಲ್ದು. ಓಣ್ಯಾಗೂ ಎಲ್ಲಾರೂ ಹಂಗ ನೋಡ್ತಾರ." ಗುರುದೇವಿ ಡಬ್ಬಿ ತೆಗೆದುಕೊಂಡು, ಒಂದು ಒಡಕು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡಳು. "ಖಾರ ಚಲೋ ಆಗೇತ್ರಿ" ಎಂದಳು.

ಭಾನುವಾರ ಬೆಳಿಗ್ಗೆ ಟೆಂಪೋ ಬಂತು. ಮಂಚ, ಗ್ಯಾಸ್ ಒಲೆ, ಎರಡು ಚೀಲ ಪಾತ್ರೆ. ಎದುರು ಮನೆಯ ಜಗದಾಂಬಾ ಗೇಟಿಗೇ ಬಂದಳು.

"ಅಂತೂ ಖಾಲಿ ಮಾಡಿಸಿದ್ರಾ ಗಂಗಕ್ಕ? ವೈರ್ ಕದಿಯೋರನ್ನ ಇಟ್ಕೊಂಡ್ರೆ ನಾಳೆ ಇನ್ನೇನು ಕದೀತಾರೋ."

ಮಹದೇವ್ ವರಾಂಡದಲ್ಲಿ ಪೇಪರ್ ಬಿಡಿಸಿ ಮುಖ ಮುಚ್ಚಿಕೊಂಡಿದ್ದ. ವೀರೇಶ ಹಾಸಿಗೆಗೆ ಹಗ್ಗ ಬಿಗಿಯುತ್ತಿದ್ದವನು ತಿರುಗಿ ನೋಡಲಿಲ್ಲ.

"ಅವ್ರು ಕದ್ದಿಲ್ಲ ಜಗದಾಂಬಾ" ಎಂದಳು ಗಂಗಲಕ್ಷ್ಮಮ್ಮ. ದನಿ ಸಣ್ಣಗೆ ಬಂತು. ಸಾಲದು ಎನ್ನಿಸಿ ಗೇಟು ಹಿಡಿದು ಇನ್ನೊಮ್ಮೆ, ರಸ್ತೆಗೆಲ್ಲ ಕೇಳುವಂತೆ ಹೇಳಿದಳು. "ಕಂಪ್ಯೂಟರ್ ಕೆಡಿಸಿದ್ದು ನಾನು. ಕೆಡಿಸಿ, ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದು ನಾನು. ಈ ಹುಡುಗರು ಏನೂ ಮಾಡಿಲ್ಲ."

ಹಾಲಿನ ಅಂಗಡಿಯ ಮುಂದೆ ನಿಂತಿದ್ದವರು ತಿರುಗಿ ನೋಡಿದರು. ಜಗದಾಂಬಾ "ಅಯ್ಯೋ, ಹೋಗ್ಲಿ ಬಿಡಿ ಅಕ್ಕ" ಎಂದು ಒಳಗೆ ಹೋದಳು. ವೀರೇಶ ಹಗ್ಗದ ಗಂಟು ಮುಗಿಸಿ, ಆಕೆಯ ಕಡೆ ಒಮ್ಮೆ ನೋಡಿ, ಹೆಲ್ಮೆಟ್ ಹಾಕಿಕೊಂಡ. ಗುರುದೇವಿ ಟೆಂಪೋದ ಮುಂದಿನ ಸೀಟಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತು, "ಬರ್ತೀವ್ರಿ ಅಮ್ಮಾ" ಎಂದಳು. ಟೆಂಪೋ ಉಲ್ಲಾಳದ ದಾರಿ ಹಿಡಿಯಿತು.

ಸೋಮವಾರ ಸಂಜೆ ಕಶ್ಯಪ್ ಎರಡು ಕಾರ್ಡಿನ ಕೆಲಸ ಕಳಿಸಿದ. ಚೇತನಾ ಅದನ್ನು ಮುಗಿಸಿ ಏಳುವಷ್ಟರಲ್ಲಿ ಮಹದೇವ್ ಬಂದು ಹಿಂದೆ ನಿಂತ.

"ಚೇತು, ಗೇಟಿಗೆ ಹಾಕೋಕೆ ಒಂದು ಬೋರ್ಡ್ ಟೈಪ್ ಮಾಡು. 'ಮನೆ ಬಾಡಿಗೆಗೆ ಇದೆ' ಅಂತ ದೊಡ್ಡದಾಗಿ. ಕೆಳಗೆ, 'ಮಹಡಿ ಮನೆ, ನೀರಿನ ಸೌಕರ್ಯ ಇದೆ.' ಅದರ ಕೆಳಗೆ, 'ಸಭ್ಯ ಕುಟುಂಬಕ್ಕೆ ಮಾತ್ರ'."

ಚೇತನಾ ಟೈಪು ಮಾಡಿದಳು. ಬಾಗಿಲ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದ ಗಂಗಲಕ್ಷ್ಮಮ್ಮ ತಲೆಯೆತ್ತಿದಳು.

"ಆ ಕೊನೇದು ತೆಗೆಯಮ್ಮ."

"ಯಾಕಮ್ಮ?" ಎಂದ ಮಹದೇವ್. "ಎಲ್ಲರೂ ಹಾಕೋದೇ ಅಲ್ವಾ?"

"ಸಭ್ಯರು ನೆನ್ನೆ ಹೋದ್ರು ಕಣೋ. ಇನ್ನು ಬರೋರು ಕೇಳ್ಬೇಕು, ಕೆಳಗಡೆ ಇರೋರು ಎಂಥವರು ಅಂತ."

ಮಹದೇವ್ ಹೋಗಿ ಕೈಕಾಲು ತೊಳೆದುಕೊಂಡ. ಚೇತನಾ ಆ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು.